ಎರಡನೆಯ ಸ್ಲಾಟು

ಅವರು ಯಾರ ಮನೆಗೆ ಹೋದರೂ ಕಂಪ್ಯೂಟರಿನ ಎದುರು ಕೂರುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು. "ಇದು ಕೆಡುವ ಮೊದಲು ಎಂತ ಮಾಡಿದ್ದು?" ಅದಕ್ಕೆ ಉತ್ತರ ಬರುವವರೆಗೆ ಚೀಲದಿಂದ ಸ್ಕ್ರೂಡ್ರೈವರ್ ಹೊರಗೆ ಬರುತ್ತಿರಲಿಲ್ಲ. ಹೆಚ್ಚಿನವರು "ಏನೂ ಮಾಡಿಲ್ಲ, ಅದರಷ್ಟಕ್ಕೇ ಕೆಟ್ಟಿತು" ಎನ್ನುತ್ತಿದ್ದರು. ಅವರು ನಗುತ್ತಿದ್ದರು. "ಅದರಷ್ಟಕ್ಕೇ ಕೆಡ್ಲಿಕ್ಕೆ ಇದೆಂತ ಹಾಲಾ? ಯಾರೋ ಎಂತದೋ ಮಾಡಿರ್ತಾರೆ. ಹೇಳಿ ಮಾರಾಯ್ರೆ, ನಾನು ಬೈಯುವವ ಅಲ್ಲ." ನಿಜಕ್ಕೂ ಅವರು ಬೈಯುವವರಲ್ಲ. ಅದು ಗೊತ್ತಿದ್ದೂ ನಾನು ಅವರಿಗೆ ಸುಳ್ಳು ಹೇಳಿದೆ. ಆ ಸುಳ್ಳನ್ನು ಬಿಟ್ಟು ಅವರ ಬಗ್ಗೆ ಬರೆಯುವುದು ನನ್ನಿಂದ ಆಗುವ ಮಾತಲ್ಲ.

ಕಳೆದ ತಿಂಗಳು ನಮ್ಮ ಕಡೆಯವರ ಮೊಬೈಲ್ ಗುಂಪಿನಲ್ಲಿ ಅವರ ಫೋಟೊ ಬಂತು, ಕೆಳಗೆ 'ಓಂ ಶಾಂತಿ' ಎಂದು ಕೈ ಮುಗಿದ ಚಿತ್ರ. ಹೆಸರು ಓದಿದಾಗ ಯಾರೆಂದು ಹೊಳೆಯಲಿಲ್ಲ. ಮುಂಬಯಿ ಹತ್ತಿರದ ಈ ಡೊಂಬಿವಲಿಯಲ್ಲಿ ನಮಗೆಲ್ಲ ಅವರು ಗ್ರೈಂಡರ್ ಅಣ್ಣ, ಅಷ್ಟೇ. ಫೋಟೊ ದೊಡ್ಡದು ಮಾಡಿ ಮುಖ ನೋಡಿದೆ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟೆ.

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಗ್ರೈಂಡರ್ ಅಣ್ಣ ಎಂಬ ಹೆಸರು ಯಾಕೆಂದರೆ, ಅವರು ಮೊದಲು ಮಾಡುತ್ತಿದ್ದುದು ಅದೇ ಕೆಲಸ. ಉಡುಪಿ ಕಡೆಯಿಂದ ಬಂದು ಠಾಣೆಯ ಒಂದು ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬಲು ಸೇರಿದವರು. ಗ್ರೈಂಡರ್ ಕೆಟ್ಟಾಗಲೆಲ್ಲ ಬಿಚ್ಚಿ ನೋಡಿ ನೋಡಿ, ಕೊನೆಗೆ ಮಾಜಿವಾಡಾದಿಂದ ಕಲ್ಯಾಣದವರೆಗೆ ನಮ್ಮವರ ಹೋಟೆಲುಗಳ ಗ್ರೈಂಡರುಗಳಿಗೆಲ್ಲ ಅವರೇ ವೈದ್ಯರಾದರು. ನಲವತ್ತು ದಾಟಿದ ಮೇಲೆ ಒಂದು ಹೋಟೆಲಿನ ಗಲ್ಲಾದ ಮೇಲೆ ಬಿಲ್ಲಿನ ಕಂಪ್ಯೂಟರ್ ಬಂತು. ಅದೂ ಕೆಟ್ಟಿತು. ಅದನ್ನೂ ಬಿಚ್ಚಿದರು. ಆಮೇಲೆ ಡೊಂಬಿವಲಿಯ ಒಂದು ಕ್ಲಾಸಿಗೆ ಸೇರಿ, ಮಕ್ಕಳ ವಯಸ್ಸಿನವರ ನಡುವೆ ಕೂತು, ಆರು ತಿಂಗಳು ಹಾರ್ಡ್‌ವೇರ್ ಕಲಿತರು. ಆ ವಯಸ್ಸಿನಲ್ಲಿ ಯಾಕೆ ಇಷ್ಟು ಕಷ್ಟಪಟ್ಟಿರಿ ಎಂದು ನಾನು ಒಮ್ಮೆ ಕೇಳಿದ್ದೆ.

"ಗ್ರೈಂಡರಿಗೆ ಹೋದ್ರೆ ಹಿಂದಿನ ಬಾಗಿಲಲ್ಲಿ ಬಾ ಅಂತಾರೆ ಅಕ್ಕ," ಎಂದರು. "ಕಂಪ್ಯೂಟರಿಗೆ ಹೋದ್ರೆ ಕುರ್ಚಿ ಕೊಡ್ತಾರೆ."

ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು, ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ಹೋಟೆಲಿನಲ್ಲಿ ಬೆಳೆದವರ ಅಭ್ಯಾಸ ಅದು, ಸೀರೆ ಉಟ್ಟವರೆಲ್ಲ ಅಕ್ಕ. ಅವರ ಮನೆಮಾತು ತುಳು. ನಾನು ಕುಮಟೆಯವಳು, ತುಳು ಬಾರದು. ಹಾಗಾಗಿ ನಮ್ಮ ಮಾತೆಲ್ಲ ಕನ್ನಡದಲ್ಲಿ, ನಡುನಡುವೆ ಇಲ್ಲಿಯ ಹಿಂದಿ.

ಕೆಲಸದಲ್ಲಿ ಅವರ ಶಾಸ್ತ್ರಗಳೇ ಬೇರೆ. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋಗಿ ನಲ್ಲಿಯನ್ನು ಮುಟ್ಟಿ ಬರುತ್ತಿದ್ದರು. ನನ್ನ ಗಂಡ ಅದನ್ನು ಯಾವುದೋ ಮಡಿ ಎಂದುಕೊಂಡಿದ್ದರು. ಮೈಯಲ್ಲಿರುವ ಅಷ್ಟಿಷ್ಟು ಕರೆಂಟು ಲೋಹದ ನಲ್ಲಿಗೆ ಇಳಿದುಹೋಗಲಿ, ಇಲ್ಲದಿದ್ದರೆ ಕಂಪ್ಯೂಟರಿನ ಒಳಗಿನ ಸೂಕ್ಷ್ಮ ವಸ್ತು ಸುಟ್ಟೀತು ಎಂಬ ಕಾರಣಕ್ಕೆ ಹಾಗೆ ಮಾಡುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಒಮ್ಮೆ ಕೆಲವು ದಿನ ನಾವು ಪ್ಲಾಸ್ಟಿಕ್ಕಿನ ನಲ್ಲಿ ಹಾಕಿಸಿದ್ದಾಗ ಅವರು ಕಂಗಾಲಾಗಿ ಮನೆಯೆಲ್ಲ ಓಡಾಡಿ, ಕೊನೆಗೆ ಕಿಟಕಿಯ ಸರಳು ಹಿಡಿದುಕೊಂಡು ನಿಂತರು. ಎದುರು ಕಟ್ಟಡದ ಹೆಂಗಸು ಯಾರಿಗೆ ಏನಾಯಿತು ಎಂದು ಕೂಗಿ ಕೇಳಿದಳು. ಕೆಲಸ ಮುಗಿಯುವವರೆಗೆ ಚಹ ಮುಟ್ಟುತ್ತಿರಲಿಲ್ಲ. ಎಷ್ಟು ಒತ್ತಾಯ ಮಾಡಿದರೂ ಇಲ್ಲ.

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಹಳೆಯ ಹಲ್ಲುಜ್ಜುವ ಬ್ರಶ್ಶು ಮತ್ತು ಕಾಗದದಲ್ಲಿ ಸುತ್ತಿದ ಪೆನ್ಸಿಲ್ ರಬ್ಬರು ಇರುತ್ತಿದ್ದವು. ರ‍್ಯಾಮ್ ಎಂದರೆ ಕಂಪ್ಯೂಟರಿನ ನೆನಪು ಇರುವ, ಗೇಣಿಗಿಂತ ಚಿಕ್ಕ ಹಸಿರು ಪಟ್ಟಿ, ಅದರ ಕೆಳ ಅಂಚಿನಲ್ಲಿ ಬಂಗಾರದ ಬಣ್ಣದ ಹಲ್ಲುಗಳ ಸಾಲು. ಆ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಅಂಚು ಮಾತ್ರ ಹಿಡಿದು ಸ್ಲಾಟಿನಲ್ಲಿ ಕೂರಿಸಿ, "ಹಲ್ಲು ತಿಕ್ಕಿಸಿದೆ, ಇನ್ನು ತಿಂತದೆ" ಎನ್ನುತ್ತಿದ್ದರು. ಅರ್ಧಕ್ಕರ್ಧ ರಿಪೇರಿ ಅಷ್ಟರಲ್ಲೇ ಮುಗಿಯುತ್ತಿತ್ತು. ಯಾವ ಮಷೀನಿನ ಬಗ್ಗೆಯೂ 'ಹೋಯ್ತು' ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. "ರೋಗ ಸಿಗ್ತಾ ಇಲ್ಲ" ಎನ್ನುತ್ತಿದ್ದರು. ಸಿಗುವವರೆಗೆ ಏಳುತ್ತಲೂ ಇರಲಿಲ್ಲ.

ಇನ್ನು ನನ್ನ ಮಾತು. ಎರಡು ಸಾವಿರದ ಹನ್ನೆರಡರ ಸುಮಾರಿಗೆ ನನ್ನ ಗಂಡ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿ ಮುಚ್ಚಿತ್ತು. ಅವರು ದಿನವಿಡೀ ಬನಿಯನ್ನಿನಲ್ಲಿ ಬಾಲ್ಕನಿಯಲ್ಲಿ ಕೂತು ಕೆಳಗಿನ ರಿಕ್ಷಾಗಳನ್ನು ನೋಡುತ್ತಿದ್ದರು. ಮನೆ ನಡೆಯುತ್ತಿದ್ದುದು ನಾನು ಮಾಡುತ್ತಿದ್ದ ಮದುವೆ ಆಲ್ಬಮ್ಮುಗಳಿಂದ. ಕಲ್ಯಾಣದ ಒಬ್ಬ ಸ್ಟುಡಿಯೋ ಮಾಲೀಕ, ಎಲ್ಲರೂ ಸೇಠ್ ಎನ್ನುತ್ತಿದ್ದವರು, ನಮ್ಮಂಥ ನಾಲ್ಕೈದು ಹೆಂಗಸರ ಮನೆಗಳಲ್ಲಿ ತಮ್ಮದೇ ಕಂಪ್ಯೂಟರ್ ಇರಿಸಿ ಫೋಟೊ ಜೋಡಿಸುವ ಕೆಲಸ ಮಾಡಿಸುತ್ತಿದ್ದರು. ಮಷೀನು ಅವರದು, ಕೈ ನಮ್ಮದು. ಅವರ ಒಂದೇ ಷರತ್ತು, ಮಷೀನಿನ ಒಳಗೆ ಗ್ರೈಂಡರ್ ಅಣ್ಣನಲ್ಲದೆ ಬೇರೆ ಯಾರೂ ಕೈ ಹಾಕಬಾರದು. ಪಕ್ಕದ ಸ್ಟೇಷನ್ನು ಕೋಪರಿನ ಒಬ್ಬಳ ಮನೆಯಲ್ಲಿ ಮಗು ಮಷೀನಿನೊಳಗೆ ಶರಬತ್ತು ಚೆಲ್ಲಿತ್ತು. ಸೇಠ್ ಅದೇ ಮಧ್ಯಾಹ್ನ ಟೆಂಪೋ ಕಳಿಸಿ ಮಷೀನು ತರಿಸಿಕೊಂಡರು. ಆಕೆಗೆ ಮತ್ತೆ ಕೆಲಸ ಸಿಗಲಿಲ್ಲ. ನಮಗೆಲ್ಲ ಆ ಟೆಂಪೋದ ಭಯ.

ಡೊಂಬಿವಲಿಯ ಅಕ್ಟೋಬರ್ ಸೆಕೆಗೆ ಕಂಪ್ಯೂಟರ್ ಕಾದು ತಾನೇ ಆರಿಹೋಗುತ್ತಿತ್ತು. ಗ್ರೈಂಡರ್ ಅಣ್ಣನೇ ಬಂದು ಪಕ್ಕದ ತಗಡಿನ ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ತಿರುಗಿಸಿಟ್ಟು, "ಹೀಗೇ ಇರ್ಲಿ, ಗಾಳಿ ಆಡ್ಲಿ. ಕೈ ಮಾತ್ರ ಹಾಕ್ಬೇಡಿ" ಎಂದಿದ್ದರು. ಅಷ್ಟರಲ್ಲಿ ನವರಾತ್ರಿಯ ನವಮಿ ಬಂತು.

ನಮ್ಮ ಊರಿನಲ್ಲಿ ಆಯುಧಪೂಜೆಯ ದಿನ ಕತ್ತಿ, ಮೆಟ್ಟುಗತ್ತಿ, ಹೊಲಿಗೆ ಯಂತ್ರ, ಸೈಕಲ್ಲು, ಅನ್ನ ಕೊಡುವ ಯಾವುದಕ್ಕೂ ಗಂಧ ತಪ್ಪುವಂತಿಲ್ಲ. ನಾನು ಬೆಳಗ್ಗೆ ಮಿಂದು, ಕಲ್ಲಿನ ಮೇಲೆ ಗಂಧ ತೇಯ್ದು, ಕುಂಕುಮ ಕಲಸಿ, ಪರದೆಗೆ ಒಂದು, ಕೀಬೋರ್ಡಿಗೆ ಒಂದು, ಮೌಸಿಗೆ ಒಂದು ಬೊಟ್ಟು ಇಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅನ್ನ ಕೊಡುವುದು ಒಳಗಿರುವುದಲ್ಲವೇ, ಹೊರಗಿನ ಡಬ್ಬಿಗೆ ಪೂಜೆ ಮಾಡಿ ಒಳಗಿನದನ್ನು ಬಿಟ್ಟರೆ ಹೇಗೆ ಎಂದು ನನ್ನ ದೊಡ್ಡ ತಲೆಗೆ ಹೊಳೆಯಿತು. ಮಷೀನು ಆರಿಸಿ, ಉಂಗುರದ ಬೆರಳಿನಿಂದ ಒಳಗಿನ ಫ್ಯಾನಿಗೆ, ಕರೆಂಟಿನ ಡಬ್ಬಿಗೆ, ರ‍್ಯಾಮಿನ ನೆತ್ತಿಗೆ ಗಂಧ ಹಚ್ಚಿದೆ. ಆ ರ‍್ಯಾಮಿನ ಪಕ್ಕದಲ್ಲಿ ಅಂಥದೇ ಇನ್ನೊಂದು ಸ್ಲಾಟು ಖಾಲಿ ಇತ್ತು, ಉದ್ದನೆಯ ಕಪ್ಪು ಸೀಳು. ಖಾಲಿ ಇರುವುದು ಬೇಗ ತುಂಬಲಿ ಎಂದು ಬೇಡಿಕೊಂಡು ಅದರ ಉದ್ದಕ್ಕೂ ಧಾರಾಳವಾಗಿ ಗಂಧ ಎಳೆದೆ. ಆಮೇಲೆ ಮಂಗಳಾರತಿ. ಮಷೀನು ಮೊದಲಿನಂತೆಯೇ ನಡೆಯಿತು.

ಸ್ಲಾಟು ತುಂಬುವ ಕಾಲ ಬೇಗನೇ ಬಂತು. ತುಳಸಿ ಮದುವೆಯ ನಂತರ ಇಲ್ಲಿ ಲಗ್ನಗಳ ಸುಗ್ಗಿ. ಸೇಠ್ ನನಗೆ ಕೊಟ್ಟ ಆಲ್ಬಮ್ ನಲವತ್ತು ಪುಟದ್ದು, ಒಂದೊಂದು ಪುಟದಲ್ಲೂ ದೊಡ್ಡ ದೊಡ್ಡ ಫೋಟೊಗಳು. ನಾಲ್ಕು ಜಿಬಿಯ ನನ್ನ ಮಷೀನು ಹದಿನೆಂಟನೆಯ ಪುಟಕ್ಕೆ ಬಂದು ನಿಲ್ಲುತ್ತಿತ್ತು, ರ‍್ಯಾಮ್ ಸಾಲದು ಎನ್ನುತ್ತಿತ್ತು, ಮಾಡಿದ್ದೆಲ್ಲ ಹೋಗುತ್ತಿತ್ತು. ಸೇಠ್ ಇನ್ನೊಂದು ನಾಲ್ಕು ಜಿಬಿಯ ಪಟ್ಟಿ ಕಳಿಸಿ, ಮದುಮಗಳು ಭಾನುವಾರ ರಾತ್ರಿ ವಿಮಾನ ಹತ್ತುತ್ತಾಳೆ, ಶನಿವಾರದೊಳಗೆ ಆಲ್ಬಮ್ ಬೇಕು, ಇಲ್ಲದಿದ್ದರೆ ಮಷೀನು ಬೇರೆಯವರ ಮನೆಗೆ ಹೋಗುತ್ತದೆ ಎಂದರು. ಅವರು ಸುಮ್ಮನೆ ಹೆದರಿಸುವ ಜನವಲ್ಲ ಎಂಬುದು ಕೋಪರಿನವಳಿಂದ ನನಗೆ ಗೊತ್ತಿತ್ತು.

ಬುಧವಾರ ಗ್ರೈಂಡರ್ ಅಣ್ಣ ಬರುವ ಮೊದಲು ನಾನು ಒದ್ದೆ ಬಟ್ಟೆಯಿಂದ ಒಳಗಿನ ಗಂಧವನ್ನೆಲ್ಲ ಒರೆಸಿದೆ. ಕೈ ಹಾಕಬೇಡಿ ಎಂದಿದ್ದರಲ್ಲ, ನಾಚಿಕೆ. ಮೇಲಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಅವರು ನಲ್ಲಿ ಮುಟ್ಟಿ ಬಂದು, ಹೊಸ ಪಟ್ಟಿಯನ್ನು ಎರಡನೆಯ ಸ್ಲಾಟಿನಲ್ಲಿ ಟಕ್ಕೆಂದು ಕೂರಿಸಿ, ಮಷೀನು ಹಚ್ಚಿದರು. ಎಂಟು ಎಂದು ತೋರಿಸಬೇಕಾದಲ್ಲಿ ನಾಲ್ಕು ಎಂದೇ ತೋರಿಸಿತು.

"ಎಂಟು ಹಾಕಿದ್ರೆ ನಾಲ್ಕು ಅಂತದೆ," ಎಂದರು. "ನಾಚಿಕೆ ಉಂಟಾ ಇದಕ್ಕೆ?"

ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ನಾಲ್ಕೇ. ಹಳೆಯದನ್ನು ತೆಗೆದು ಹೊಸದೊಂದನ್ನೇ ಮೊದಲ ಸ್ಲಾಟಿಗೆ ಹಾಕಿದರು. ಸರಿಯಾಗಿ ನಡೆಯಿತು. ಅಂದರೆ ಹೊಸ ಪಟ್ಟಿ ಚೆನ್ನಾಗಿದೆ. ಎರಡನೆಯ ಸ್ಲಾಟಿನಲ್ಲಿ ಮಾತ್ರ ಯಾವುದನ್ನು ಒಂಟಿಯಾಗಿ ಹಾಕಿದರೂ ಪರದೆ ಕಪ್ಪಾಗಿ ಮಷೀನು ಬೀಪ್ ಬೀಪ್ ಎಂದು ಕೂಗುತ್ತಿತ್ತು. ಆಗ ನನ್ನ ಕಡೆ ತಿರುಗಿ ಕೇಳಿದರು, "ಅಕ್ಕ, ಇದರ ಒಳಗೆ ಎಂತಾದ್ರೂ ಮಾಡಿದ್ದುಂಟಾ?"

ಬಾಲ್ಕನಿಯಿಂದ ನನ್ನ ಗಂಡ ಇತ್ತ ನೋಡುತ್ತಿದ್ದರು. ನನ್ನ ಕಣ್ಣಿಗೆ ಟೆಂಪೋ ಕಾಣಿಸಿತು. "ಇಲ್ಲ ಅಣ್ಣ, ನಾನ್ಯಾಕೆ ಮುಟ್ಟಲಿ?" ಎಂದೆ. ಇಷ್ಟು ಗಂಧದಿಂದ ಏನಾದೀತು, ದೇವರ ಪ್ರಸಾದ, ಅದರಿಂದ ಕೆಡುಕಾಗುವುದುಂಟೇ ಎಂದು ನನಗೆ ನಾನೇ ಹೇಳಿಕೊಂಡೆ.

ಅವರು ನಂಬಿದರು. ನಂಬಿದ್ದರಿಂದಲೇ ದಾರಿ ತಪ್ಪಿದರು. "ಖಾಲಿ ಇದ್ದ ಸ್ಲಾಟು, ಯಾರೂ ಮುಟ್ಟಿಲ್ಲ. ಹಾಗಾದ್ರೆ ಕೊಳೆ ಬರ್ಲಿಕ್ಕೆ ದಾರಿ ಇಲ್ಲ. ರೋಗ ಬೋರ್ಡಿನ ಒಳಗೇ ಉಂಟು," ಎಂದು ಸ್ಲಾಟನ್ನು ಒಮ್ಮೆ ಗಾಳಿ ಊದಿ ಬಿಟ್ಟುಬಿಟ್ಟರು. ಅದರ ನಂತರ ಅವರು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ತೆಗೆದು ಅರ್ಧ ಗಂಟೆ ಕಾದು ಮತ್ತೆ ಹಾಕಿದರು. ಇಷ್ಟೇ ರ‍್ಯಾಮ್ ಬಳಸು ಎಂದು ಕಟ್ಟುಹಾಕುವ ಒಂದು ಆಯ್ಕೆ ಇರುತ್ತದಂತೆ, ಅದನ್ನು ಹುಡುಕಿ ನೋಡಿದರು, ಕಟ್ಟು ಇರಲಿಲ್ಲ. ಹಳೆಯ ಬಗೆಯ ಸಿಸ್ಟಮ್ ಹಾಕಿದ್ದರೆ ನಾಲ್ಕರ ಮೇಲೆ ಎಣಿಸುವುದಿಲ್ಲವಂತೆ, ನನ್ನದರಲ್ಲಿ ಹೊಸ ಬಗೆಯದೇ ಇತ್ತು. ಗುರುವಾರ ಪ್ರೊಸೆಸರನ್ನೇ ಮೇಲಕ್ಕೆತ್ತಿ, ಅದರ ಕೆಳಗಿನ ನೂರಾರು ಸಣ್ಣ ಮುಳ್ಳುಗಳಲ್ಲಿ ಯಾವುದಾದರೂ ಬಾಗಿದೆಯೇ ಎಂದು ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ನೋಡಿದರು. ಕಣ್ಣಿನಲ್ಲಿ ನೀರು ಬರುತ್ತಿತ್ತು. ಅಂಗಿಯ ತೋಳಿನಿಂದ ಒರೆಸಿಕೊಂಡು ಮತ್ತೆ ಮೊದಲ ಸಾಲಿನಿಂದ ಶುರು. ಮಧ್ಯಾಹ್ನ ಊಟಕ್ಕೆ ಕರೆದರೂ ಏಳಲಿಲ್ಲ.

ಹೊತ್ತು ಇಳಿಯುವಾಗ ನನ್ನ ಮುಖ ನೋಡದೆ ಹೇಳಿದರು, "ಸಿಗ್ತಾ ಇಲ್ಲ ಅಕ್ಕ. ಬೋರ್ಡು ವಾರಂಟಿಗೆ ಕಳಿಸ್ಬೇಕಾದೀತು. ನವಿ ಮುಂಬಯಿಗೆ ಹೋಗಿ ಬರ್ಲಿಕ್ಕೆ ಹದಿನೈದು ದಿನ ಹಿಡೀತದೆ."

"ಹದಿನೈದು ದಿನವಾ? ಶನಿವಾರಕ್ಕೆ ಆಲ್ಬಮ್ ಕೊಡಬೇಕು ಅಣ್ಣ!"

"ಗೊತ್ತುಂಟು."

ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಷ್ಟು ಹೊತ್ತಿಗೆ ನನಗೆ ಖಾತ್ರಿಯಾಗಿತ್ತು, ಇದು ಗಂಧದ್ದೇ ಕೆಲಸ. ಹೇಳಿಬಿಡೋಣ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಬಂದೆ. ಅದೇ ಹೊತ್ತಿಗೆ ಸೇಠ್ ಫೋನು ಬಂತು. ಒಂದು ರ‍್ಯಾಮ್ ಹಾಕಲು ಎರಡು ದಿನವೇ, ಯಾರಾದರೂ ಮಷೀನಿಗೆ ಏನಾದರೂ ಮಾಡಿದ್ದೀರಾ ಎಂದು ಕೇಳಿದರು. "ನಹೀ ಸೇಠ್" ಎಂದೆ. ಗ್ರೈಂಡರ್ ಅಣ್ಣನ ಎದುರಿಗೇ ಹಾಗೆ ಹೇಳಿದ ಮೇಲೆ ಇನ್ನು ಯಾವ ಬಾಯಿಂದ ನಿಜ ಹೇಳಲಿ? ಅವರ ಮಾತನ್ನೇ ನಾನೂ ಹೇಳಬೇಕು, ಅವರು ಬೈಯುವವರಲ್ಲ. ಹೆದರಿದ್ದು ಅವರಿಗಲ್ಲ. ಬಾಲ್ಕನಿಯಲ್ಲಿ ಬನಿಯನ್ನಿನಲ್ಲಿ ಕೂತ ಮನುಷ್ಯನ ಪಕ್ಕದಲ್ಲಿ ನಾನೂ ಕೈ ಖಾಲಿ ಮಾಡಿಕೊಂಡು ಕೂರಬೇಕಾದೀತು ಎಂಬುದಕ್ಕೆ ಹೆದರಿದೆ.

ಶುಕ್ರವಾರ ಬೆಳಗ್ಗೆ ಅವರು ಬೋರ್ಡು ಕಳಚಿ ಒಯ್ಯಲೆಂದೇ ಬಂದರು. ಒಂದೊಂದೇ ಸ್ಕ್ರೂ ತೆಗೆದು ತಟ್ಟೆಯಲ್ಲಿಟ್ಟರು. ಬೋರ್ಡನ್ನು ಮೊದಲ ಬಾರಿಗೆ ಪೆಟ್ಟಿಗೆಯಿಂದ ಹೊರಗೆ ತೆಗೆದು, ಪ್ಯಾಕ್ ಮಾಡುವ ಮೊದಲು ಧೂಳು ಒರೆಸಲು ಕಿಟಕಿಯ ಬಿಸಿಲಿಗೆ ಹಿಡಿದರು. ಓರೆಯಾಗಿ ಬಿದ್ದ ಬಿಸಿಲು ಸ್ಲಾಟಿನ ಸೀಳಿನ ಒಳಗೆ ಇಳಿಯಿತು. ಅವರ ಕೈ ಅಲ್ಲೇ ನಿಂತಿತು. ಜೇಬಿನಿಂದ ಬ್ರಶ್ಶು ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಸೀಳಿನೊಳಗೆ ಒಮ್ಮೆ ಎಳೆದರು. ಬಿಳಿ ಎಳೆಗಳ ತುದಿ ಕೆಂಪಾಗಿ ಹೊರಗೆ ಬಂತು.

ಬ್ರಶ್ಶನ್ನು ಮೂಗಿನ ಹತ್ತಿರ ಹಿಡಿದರು. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಅವರು ಗೋಡೆಯ ಮೇಲಿನ ದೇವರ ಮಂಟಪದ ಕಡೆ ನೋಡಿದರು. ಅಲ್ಲಿ ಗಂಧದ ಕಲ್ಲು ಇತ್ತು. ಆಮೇಲೆ ನನ್ನನ್ನು ನೋಡಿದರು.

"ಅಕ್ಕ, ಸ್ವಲ್ಪ ಚಹ ಮಾಡ್ತೀರಾ?" ಎಂದರು.

ಕೆಲಸದ ನಡುವೆ ಅವರು ಚಹ ಕೇಳಿದ್ದು ಅದೊಂದೇ ಸಲ. ನನ್ನನ್ನು ಅಲ್ಲಿಂದ ಕಳಿಸಲು ಕೇಳಿದರು. ಹೊರಗೆ ಬರಲು ಮುಖವಿಲ್ಲದೆ ನಾನು ಒಲೆಯ ಎದುರು ಅರ್ಧ ಗಂಟೆ ನಿಂತೆ. ಚಹ ಸೋಸಿಕೊಂಡು ಬರುವಾಗ ಬೋ‌ರ್ಡು ಮತ್ತೆ ಪೆಟ್ಟಿಗೆಯೊಳಗೆ ಕೂತಿತ್ತು, ಪರದೆಯ ಮೇಲೆ ಎಂಟು ಎಂದು ಬಂದಿತ್ತು. ಅವರು ಫೋನಿನಲ್ಲಿ ಮಾತಾಡುತ್ತಿದ್ದರು. ಆ ಕಡೆಯಿಂದ ಸೇಠ್ ಕೂಗುವುದು ನನಗೂ ಕೇಳುತ್ತಿತ್ತು.

"ಗಲತಿ ಮೇರಾ ಹೈ ಸೇಠ್," ಎನ್ನುತ್ತಿದ್ದರು. "ಬುಧವಾರ್ ಕೋ ಲಗಾತೇ ಟೈಮ್ ಮೈನೇ ಸ್ಲಾಟ್ ಸಾಫ್ ನಹೀ ಕಿಯಾ. ಕಚರಾ ಅಟಕ್ ಗಯಾ. ಭಾಭೀ ನೇ ಕುಛ್ ನಹೀ ಕಿಯಾ, ಉನಕಾ ಮಷೀನ್ ಮತ್ ಉಠಾವೋ."

ತಪ್ಪು ನನ್ನದು, ಸ್ಲಾಟು ಒರೆಸದೆ ಕೂರಿಸಿದೆ, ಕಸ ಸಿಕ್ಕಿಕೊಂಡಿತು, ಅವರು ಏನೂ ಮಾಡಿಲ್ಲ, ಅವರ ಮಷೀನು ಒಯ್ಯಬೇಡಿ ಎನ್ನುತ್ತಿದ್ದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಫೋನು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಕಸಿದುಕೊಂಡು ಹೇಳಬಹುದಿತ್ತು. ಚಹ ತಣ್ಣಗಾಗುವವರೆಗೆ ನಿಂತೆ, ಹೇಳಲಿಲ್ಲ. ನನ್ನ ಒಳಗೆ ಆಗ ಪಶ್ಚಾತ್ತಾಪ ಇರಲಿಲ್ಲ ಎಂಬುದನ್ನೂ ಬರೆಯಬೇಕು. ಸಮಾಧಾನ ಇತ್ತು. ಬದುಕಿದೆ ಎನ್ನಿಸಿತು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, ಗಂಡನಿಗೆ ಕೇಳದಷ್ಟು ಮೆಲ್ಲಗೆ, "ಬರುವ ವರ್ಷ ಪೂಜೆ ಮಾಡುವಾಗ ಮುಚ್ಚಳ ಹಾಕಿ ಮಾಡಿ ಅಕ್ಕ" ಎಂದರು. ಅಷ್ಟೇ ಅವರ ಬೈಗುಳ.

ಸೇಠ್ ನನಗೆ ಭಾನುವಾರ ಬೆಳಗಿನವರೆಗೆ ಸಮಯ ಕೊಟ್ಟರು. ನಲವತ್ತು ಪುಟಗಳೂ ಮುಗಿದವು, ಮಷೀನು ಒಮ್ಮೆಯೂ ನಿಲ್ಲಲಿಲ್ಲ. ಮದುಮಗಳು ಆಲ್ಬಮ್ ಸಮೇತ ವಿಮಾನ ಹತ್ತಿದಳು. ಮುಂದಿನ ತಿಂಗಳು ಮಷೀನು ನೋಡಲು ಬೇರೆ ಯಾರೋ ಬಂದರು. ಗ್ರೈಂಡರ್ ಅಣ್ಣ ಎಲ್ಲಿ ಎಂದರೆ, ಸೇಠ್ ಅವರನ್ನು ಬಿಡಿಸಿದ್ದಾರೆ, ಒಂದು ರ‍್ಯಾಮ್ ಕೂರಿಸಲು ಬಾರದವನು ಎಂದು ಬೇರೆ ಸ್ಟುಡಿಯೋಗಳವರಿಗೂ ಹೇಳಿದ್ದಾರೆ ಎಂಬ ಉತ್ತರ ಬಂತು. ನಾನು ಅವರಿಗೆ ಫೋನು ಮಾಡಿದೆ.

"ಹೋಗ್ಲಿ ಬಿಡಿ ಅಕ್ಕ," ಎಂದರು. "ಗ್ರೈಂಡರ್ ಉಂಟಲ್ಲ."

"ನಾನು ಸೇಠ್‌ಗೆ ಹೇಳ್ತೇನೆ ಅಣ್ಣ."

"ಹೇಳಿದ್ರೆ ನಿಮ್ಮದೂ ಹೋಗ್ತದೆ. ಇಬ್ಬರೂ ಮನೆಯಲ್ಲಿ ಕೂತು ಎಂತ ಮಾಡುವುದು?"

ಅವರು ಬೇಡ ಎಂದ ಮಾತನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರೇ ಬೇಡ ಎಂದರಲ್ಲ ಎಂದು ವರ್ಷಗಟ್ಟಲೆ ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಒಮ್ಮೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಅವರು ಗ್ರೈಂಡರಿನ ಮೋಟರನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಬರುತ್ತಿದ್ದುದು ಕಂಡಿತು. ಅಂಗಿಗೆಲ್ಲ ಗ್ರೀಸು. ನಾನು ಬದಲಾಪುರ ಲೋಕಲಿಗೆ ಕಾಯುವ ಹೆಂಗಸರ ಗುಂಪಿನ ಹಿಂದೆ ಸರಿದು ನಿಂತೆ. ಅವರು ನನ್ನನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ. ನೋಡಿದ್ದರೆ, ನೋಡದವರ ಹಾಗೆ ಹೋದರು. ಹಾಗೆ ಮಾಡುವ ಮನುಷ್ಯ ಅವರು.

ಸುದ್ದಿ ಬಂದ ಮೂರನೆಯ ದಿನ ದಿವಾದಲ್ಲಿರುವ ಅವರ ಮನೆಗೆ ಹೋದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಅವರ ಹೆಂಡತಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಮಗಳು. ಮಗಳಿಗೆ ಇಪ್ಪತ್ತೆಂಟು ಇರಬಹುದು, ಯಾವುದೋ ಆಫೀಸಿನಲ್ಲಿ ಕೆಲಸ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು, ಇಲ್ಲಿ ಹುಟ್ಟಿದ ನಮ್ಮ ಮಕ್ಕಳೆಲ್ಲ ಹಾಗೆಯೇ.

"ನೀವು ಯಾರು ಅಂತ ಗೊತ್ತಾಗ್ಲಿಲ್ಲ ಅಕ್ಕ," ಎಂದರು ಹೆಂಡತಿ.

ಕಲ್ಯಾಣದ ಸ್ಟುಡಿಯೋಕ್ಕೆ ಆಲ್ಬಮ್ ಮಾಡುತ್ತಿದ್ದವಳು, ನಮ್ಮ ಮನೆಯ ಮಷೀನು ಅವರೇ ನೋಡುತ್ತಿದ್ದರು ಎಂದೆ. ಮಗಳು ತಲೆ ಎತ್ತಿದಳು.

"ವೋ ಸ್ಟುಡಿಯೋ," ಎಂದಳು. ಆಮೇಲೆ ನಿಧಾನವಾಗಿ, ಯಾರ ಮುಖವನ್ನೂ ನೋಡದೆ ಹೇಳತೊಡಗಿದಳು. ಕಾಲೇಜಿನ ಅರ್ಜಿಗೆ ಪಾಸ್‌ಪೋರ್ಟ್ ಫೋಟೊ ಬೇಕಿತ್ತು. ಸೇಠ್ ಕರೆದಿದ್ದಾರೆ, ಅಲ್ಲೇ ಫೋಟೊ ತೆಗೆಸೋಣ ಬಾ ಎಂದು ಪಪ್ಪ ಒಂದು ಶನಿವಾರ ಅವಳನ್ನೂ ಕರೆದುಕೊಂಡು ಹೋಗಿದ್ದರು. ಅಷ್ಟು ಗಿರಾಕಿಗಳ ಎದುರಿಗೆ ಸೇಠ್ ಅವರನ್ನು ನಿಲ್ಲಿಸಿ, ಗ್ರೈಂಡರ್ ತಿರುಗಿಸುವವನಿಗೆ ಕಂಪ್ಯೂಟರ್ ಯಾಕೆ ಬೇಕು ಎಂದು ಕೇಳಿದರು. ಪಪ್ಪ ತಲೆ ತಗ್ಗಿಸಿ "ಗಲತಿ ಹೋ ಗಯಾ" ಎಂದರು. ಫೋಟೊ ತೆಗೆಸದೆ ಇಬ್ಬರೂ ವಾಪಸು ಬಂದರು.

"ಬಾದ್ ಮೇ ಮೈನೇ ಲ್ಯಾಪ್‌ಟಾಪ್ ಲಿಯಾ," ಎಂದಳು. "ದೋ ಬಾರ್ ಬಿಗಡಾ. ಪಪ್ಪಾ ಪೂಛತೇ ಥೇ, ಮೈ ದೇಖೂಂ ಕ್ಯಾ? ಮೈ ಠಾಣೇ ಲೇಕೆ ಜಾತೀ ಥೀ, ದುಕಾನ್ ಮೇ. ಮುಝೇ ಲಗತಾ ಥಾ, ಇನಕೋ ದೂಂಗೀ ತೋ ಔರ್ ಬಿಗಾಡ್ ದೇಂಗೇ."

ಎರಡು ಸಲ ಲ್ಯಾಪ್‌ಟಾಪ್ ಕೆಟ್ಟಿತ್ತು. ನಾನು ನೋಡಲೇ ಎಂದು ಅಪ್ಪ ಕೇಳಿದ್ದರು. ಇವರಿಗೆ ಕೊಟ್ಟರೆ ಇನ್ನೂ ಕೆಡಿಸುತ್ತಾರೆ ಎಂದು ಮಗಳು ಠಾಣೆಯ ಅಂಗಡಿಗೆ ಒಯ್ದಿದ್ದಳು. ಆ ಕೈಗಳನ್ನು ನಾನು ಕಂಡಿದ್ದೆ. ಅವು ಪಟ್ಟಿಯ ಅಂಚು ಮಾತ್ರ ಹಿಡಿಯುತ್ತಿದ್ದ ಕೈಗಳು.

ನಾನು ಹೇಳಿದೆ. ಅವಳಿಗೆ ಒಂದು ಮಾತೂ ತಪ್ಪದೆ ಮುಟ್ಟಲಿ ಎಂದು ನನ್ನ ಹರಕು ಹಿಂದಿಯಲ್ಲೇ ಹೇಳಿದೆ. ಪೂಜೆ, ಗಂಧ, ಒದ್ದೆ ಬಟ್ಟೆ, ಮುಟ್ಟಿಲ್ಲ ಎಂದ ಸುಳ್ಳು, ಕೆಂಪಾದ ಬ್ರಶ್ಶು, ಫೋನು. ತಪ್ಪು ನನ್ನದು, ನಿನ್ನ ಅಪ್ಪ ಏನೂ ಕೆಡಿಸಿರಲಿಲ್ಲ, ನಾನು ಕೆಡಿಸಿದ್ದನ್ನು ಅವರು ಸರಿಮಾಡಿದ್ದು ಎಂದೆ. ಬೈಸಿಕೊಳ್ಳಬೇಕು ಎಂಬ ಆಸೆಯಿಂದಲೇ ಹೋಗಿದ್ದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮಗಳು ಬೈಯಲಿಲ್ಲ. "ಪಪ್ಪಾ ಕೋ ಪತಾ ಥಾ?" ಎಂದು ಮಾತ್ರ ಕೇಳಿದಳು. ಗೊತ್ತಿತ್ತು ಎಂದೆ. ಅವಳು ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಅಳುವುದು ನಮಗೆ ಕೇಳುತ್ತಿತ್ತು. ಅವಳ ತಾಯಿ ಎದ್ದು ಆ ಬಾಗಿಲವರೆಗೆ ಹೋಗಿ, ತಟ್ಟದೆ ವಾಪಸು ಬಂದು ಕೂತರು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಗೊತ್ತಿಲ್ಲದ್ದನ್ನು ಕೇಳುವವರ ಹಾಗೆ ಕೇಳಿದರು.

"ಇದನ್ನು ಅವರು ಇರುವಾಗ ಬಂದು ಇವಳಿಗೊಂದು ಹೇಳ್ಬಹುದಿತ್ತಲ್ಲ ಅಕ್ಕ?"

ಹೇಳಬಹುದಿತ್ತು. ಡೊಂಬಿವಲಿಯಿಂದ ದಿವಾಕ್ಕೆ ಎರಡೇ ಸ್ಟೇಷನ್ನು.